ವಾರ್ಷಿಕೋತ್ಸವದ ಬಾಕ್ಸ್ ಸೆಟ್ ಕೊಳ್ಳುವ ಮುನ್ನ: ಕರಾವಳಿಯ ಸಂಗ್ರಾಹಕರಿಗೆ ಸಮಗ್ರ ಮಾರ್ಗದರ್ಶಿ

ಜನಪ್ರಿಯವಾದ ಹಳೆಯ ಟಿವಿ ಧಾರಾವಾಹಿಯೊಂದಕ್ಕೆ 25, 40 ಅಥವಾ 50 ವರ್ಷ ತುಂಬಿದಾಗ ಅದರ ಹಕ್ಕುದಾರರು ಅದನ್ನು ಹೊಸ ಪೆಟ್ಟಿಗೆಯಲ್ಲಿಟ್ಟು ಮತ್ತೊಮ್ಮೆ ಮಾರಾಟಕ್ಕೆ ತರುವುದು ಈಗ ರೂಢಿಯೇ ಆಗಿದೆ. 1966ರ ಸೆಪ್ಟೆಂಬರ್ 8ರಂದು ಅಮೆರಿಕದಲ್ಲಿ ಆರಂಭವಾದ ಸ್ಟಾರ್ ಟ್ರೆಕ್‌ಗೆ 2026ರಲ್ಲಿ 60 ವರ್ಷ ತುಂಬುತ್ತದೆ. 1967ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ದಿ ಪ್ರಿಸನರ್‌ಗೆ ಅದರ ಮರುವರ್ಷ 60. ನಮ್ಮ ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರಿಸಿದ ಮಾಲ್ಗುಡಿ ಡೇಸ್‌ಗೂ 40ರ ಪ್ರಾಯ. ಹೀಗಿರುವಾಗ ಮಂಗಳೂರು, ಉಡುಪಿ, ಮಣಿಪಾಲದ ಕಡೆ ಇಂಥ ಸೆಟ್‌ಗಳನ್ನು ಪ್ರೀತಿಯಿಂದ ಕೂಡಿಡುವವರು ಹಣ ಕೊಡುವ ಮೊದಲು ಏನನ್ನು ನೋಡಬೇಕು, ವಿದೇಶದಿಂದ ತರಿಸುವಾಗ ಏನನ್ನು ಖಚಿತಪಡಿಸಿಕೊಳ್ಳಬೇಕು, ತಂದ ಮೇಲೆ ನಮ್ಮ ಮಳೆಗಾಲದಲ್ಲಿ ಅದನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಬೆಲೆ ಕೊಡಬೇಕಾದದ್ದು ಡಿಸ್ಕಿನ ಒಳಗೆ ಹೊಸದಾಗಿ ಬಂದಿರುವ ಚಿತ್ರಕ್ಕೆ, ಧ್ವನಿಗೆ ಮತ್ತು ಸಾಮಗ್ರಿಗೆ. ಪೆಟ್ಟಿಗೆ ಎಷ್ಟೇ ಸುಂದರವಾಗಿರಲಿ, ಒಳಗಿರುವುದು ಹತ್ತು ವರ್ಷದ ಹಿಂದಿನ ಅದೇ ಡಿಸ್ಕ್ ಆಗಿದ್ದರೆ, ಆ ಡಿಸ್ಕ್ ಈಗಾಗಲೇ ಮನೆಯಲ್ಲಿರುವವರು ಅದನ್ನು ಮತ್ತೆ ಕೊಳ್ಳಬೇಕಾಗಿಲ್ಲ. ಮೊದಲ ಬಾರಿಗೆ ಕೊಳ್ಳುವವರ ವಿಚಾರ ಬೇರೆ. ಅವರಿಗೆ ಇಂಥ ಮರುಬಿಡುಗಡೆಯೇ ಹಲವು ಬಾರಿ ಅತ್ಯಂತ ಅನುಕೂಲದ ದಾರಿ.

ಮೊದಲ ಹಂತ: ಮೂಲದಲ್ಲಿ ಅದನ್ನು ಯಾವುದರ ಮೇಲೆ ಚಿತ್ರಿಸಿದ್ದರು ಎಂದು ತಿಳಿಯಿರಿ

ಉಳಿದೆಲ್ಲ ನಿರ್ಧಾರಗಳೂ ಈ ಒಂದು ಸಂಗತಿಯ ಮೇಲೆ ನಿಂತಿವೆ. 35 ಮಿ.ಮೀ. ಫಿಲ್ಮಿನ ಮೇಲೆ ಚಿತ್ರಿಸಿದ ಧಾರಾವಾಹಿಯ ನೆಗೆಟಿವ್‌ನಲ್ಲಿ, ಆ ಕಾಲದ ಟಿವಿ ತೋರಿಸಬಲ್ಲದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ವಿವರ ಅಡಗಿರುತ್ತದೆ. ಆ ನೆಗೆಟಿವ್ ಸುರಕ್ಷಿತವಾಗಿ ಉಳಿದಿದ್ದರೆ ಅದನ್ನು ಹೊಸದಾಗಿ ಸ್ಕ್ಯಾನ್ ಮಾಡಿ, ಡಿವಿಡಿಗಿಂತ ಹೆಚ್ಚು ವಿವರ ಹಿಡಿಯಬಲ್ಲ ಬ್ಲೂ-ರೇ ಅಥವಾ ಅದಕ್ಕೂ ಮೇಲಿನ 4ಕೆ ಡಿಸ್ಕಿಗೆ ತಂದಾಗ ಸಿಗುವ ಸುಧಾರಣೆ ನಿಜವಾದದ್ದು. ಸ್ಟಾರ್ ಟ್ರೆಕ್, ದಿ ಪ್ರಿಸನರ್, 1990ರ ಟ್ವಿನ್ ಪೀಕ್ಸ್ ಇವೆಲ್ಲ ಈ ಗುಂಪಿಗೆ ಸೇರುತ್ತವೆ.

ವಿಡಿಯೊ ಟೇಪಿನ ಮೇಲೆ ಚಿತ್ರಿಸಿದ್ದರ ಕತೆ ಹಾಗಲ್ಲ. ಬ್ರಿಟನ್ನಿನ ಡಾಕ್ಟರ್ ಹೂ ಧಾರಾವಾಹಿಯ 1970ರ ದಶಕದ ಕತೆಗಳಲ್ಲಿ ಸ್ಟುಡಿಯೊ ದೃಶ್ಯಗಳು ಸಾಮಾನ್ಯವಾಗಿ ಟೇಪಿನ ಮೇಲೆ, ಹೊರಾಂಗಣ ದೃಶ್ಯಗಳು 16 ಮಿ.ಮೀ. ಫಿಲ್ಮಿನ ಮೇಲೆ ಇರುತ್ತಿದ್ದವು. ಟೇಪಿನಲ್ಲಿ ಚಿತ್ರವನ್ನು ಕಟ್ಟುವ ಅಡ್ಡಗೆರೆಗಳು ಇರುವುದೇ ಅಷ್ಟಾದ್ದರಿಂದ ಅದಕ್ಕಿಂತ ಹೆಚ್ಚಿನ ವಿವರವನ್ನು ಯಾವ ಯಂತ್ರವೂ ಹೊರತೆಗೆಯಲಾರದು. ಡಿಸ್ಕಿನಲ್ಲಿ ಕಾಣುವ ಹೆಚ್ಚುವರಿ ಗೆರೆಗಳು ಲೆಕ್ಕಾಚಾರದಿಂದ ತುಂಬಿದವು. ಅದೇ ಧಾರಾವಾಹಿಯ 1970ರ ಸ್ಪಿಯರ್‌ಹೆಡ್ ಫ್ರಮ್ ಸ್ಪೇಸ್ ಎಂಬ ಕತೆಯನ್ನು ಸ್ಟುಡಿಯೊ ಮುಷ್ಕರದ ಕಾರಣದಿಂದ ಪೂರ್ತಿಯಾಗಿ ಫಿಲ್ಮಿನ ಮೇಲೆಯೇ ಚಿತ್ರಿಸಬೇಕಾಯಿತು. ಆದ್ದರಿಂದಲೇ 2013ರಲ್ಲಿ, ಧಾರಾವಾಹಿಯ 50ನೆಯ ವರ್ಷದಲ್ಲಿ, ಅದು ನೈಜ ಹೈ ಡೆಫಿನಿಷನ್ ಚಿತ್ರವಾಗಿ ಬ್ಲೂ-ರೇಯಲ್ಲಿ ಬರಲು ಸಾಧ್ಯವಾಯಿತು. ಒಂದೇ ಧಾರಾವಾಹಿಯ ಎರಡು ಕತೆಗಳ ನಡುವೆಯೂ ಇಷ್ಟು ಅಂತರ ಇರಬಹುದು.

ಟೇಪ್ ಮೂಲದ ಧಾರಾವಾಹಿಯ ಬ್ಲೂ-ರೇ ನಿಷ್ಪ್ರಯೋಜಕ ಎಂದು ಇದರ ಅರ್ಥವಲ್ಲ. ಎರಡು ಪದರದ ಡಿವಿಡಿಯಲ್ಲಿ 8.5 ಜಿಬಿ ಜಾಗವಿದ್ದರೆ ಎರಡು ಪದರದ ಬ್ಲೂ-ರೇಯಲ್ಲಿ 50 ಜಿಬಿ ಇರುತ್ತದೆ. ಚಿತ್ರವನ್ನು ಅಷ್ಟಾಗಿ ಹಿಂಡಬೇಕಾಗುವುದಿಲ್ಲವಾದ್ದರಿಂದ, ಡಿವಿಡಿಯಲ್ಲಿ ಚಲನೆಯ ಸುತ್ತ ಕಾಣುತ್ತಿದ್ದ ಚೌಕಚೌಕದ ಕಲೆಗಳು ಕಡಿಮೆಯಾಗುತ್ತವೆ. ಅದು ಚಿಕ್ಕ ಲಾಭ. ಅದಕ್ಕೆ ತಕ್ಕ ಬೆಲೆಯನ್ನಷ್ಟೇ ಕೊಡಬೇಕು.

ಇವೆರಡರ ನಡುವೆ ಇನ್ನೊಂದು ಬಗೆಯಿದೆ. 1987ರಲ್ಲಿ ಆರಂಭವಾದ ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್ ಅನ್ನು 35 ಮಿ.ಮೀ. ಫಿಲ್ಮಿನ ಮೇಲೆ ಚಿತ್ರಿಸಿದ್ದರೂ ಸಂಕಲನ ಮತ್ತು ವಿಶೇಷ ದೃಶ್ಯಗಳ ಜೋಡಣೆ ನಡೆದದ್ದು ಟೇಪಿನ ಮೇಲೆ. ಹಾಗಾಗಿ ಸಂಕಲನಗೊಂಡ ನೆಗೆಟಿವ್ ಎಂಬುದೇ ಅದಕ್ಕೆ ಇರಲಿಲ್ಲ. 25ನೆಯ ವರ್ಷದಲ್ಲಿ, ಅಂದರೆ 2012ರಲ್ಲಿ, ಮೂಲ ಫಿಲ್ಮ್ ತುಣುಕುಗಳನ್ನು ಒಂದೊಂದಾಗಿ ಹುಡುಕಿ, ಮತ್ತೆ ಸ್ಕ್ಯಾನ್ ಮಾಡಿ, ಪ್ರತಿಯೊಂದು ಕಂತನ್ನೂ ಮೊದಲಿನಿಂದ ಸಂಕಲಿಸುವ ಕೆಲಸದ ಫಲ ಬ್ಲೂ-ರೇಯಾಗಿ ಹೊರಬರತೊಡಗಿತು. ವಾರ್ಷಿಕೋತ್ಸವದ ಹೆಸರಿನಲ್ಲಿ ಹಣ ಕೇಳಲು ಯಾರಿಗಾದರೂ ಪೂರ್ಣ ಅರ್ಹತೆಯಿದ್ದರೆ ಅದು ಇಂಥ ಶ್ರಮಕ್ಕೆ ಎಂದು ನಾನು ನಂಬುತ್ತೇನೆ.

ಎರಡನೆಯ ಹಂತ: ಬಿಡುಗಡೆಗಳ ವಂಶಾವಳಿ ಬರೆಯಿರಿ

ಒಂದು ಹಾಳೆಯ ಮೇಲೆ ಆ ಧಾರಾವಾಹಿಯ ಎಲ್ಲ ಬಿಡುಗಡೆಗಳನ್ನೂ ವರ್ಷದ ಕ್ರಮದಲ್ಲಿ ಬರೆದು, ಪ್ರತಿಯೊಂದರ ಮುಂದೆ ಅದರ ಮಾಸ್ಟರ್, ಅಂದರೆ ಡಿಸ್ಕಿಗೆ ಇಳಿಸಲು ಬಳಸಿದ ಪ್ರತಿ, ಯಾವ ವರ್ಷದ್ದೆಂದು ಗುರುತು ಮಾಡಿಕೊಳ್ಳಿ. ಪೆಟ್ಟಿಗೆಯ ಮೇಲಿನ ವರ್ಷಕ್ಕೂ ಮಾಸ್ಟರ್ ತಯಾರಾದ ವರ್ಷಕ್ಕೂ ಸಂಬಂಧ ಇರಲೇಬೇಕೆಂದಿಲ್ಲ.

ದಿ ಪ್ರಿಸನರ್ ಇದಕ್ಕೆ ಒಳ್ಳೆಯ ಪಾಠ. ಪ್ಯಾಟ್ರಿಕ್ ಮೆಕ್‌ಗೂಹನ್ ಮುಖ್ಯಪಾತ್ರದಲ್ಲಿದ್ದ, ವೇಲ್ಸ್‌ನ ಪೋರ್ಟ್‌ಮೀರಿಯನ್ ಎಂಬ ಹಳ್ಳಿಯಲ್ಲಿ ಹೊರಾಂಗಣ ಚಿತ್ರೀಕರಣ ನಡೆದ, ಕೇವಲ 17 ಕಂತುಗಳ ಈ ಧಾರಾವಾಹಿ ಗಾತ್ರದಲ್ಲಿ ಚಿಕ್ಕದು. ಆದರೆ ಅದರ ಮರುಬಿಡುಗಡೆಗಳ ಸಾಲು ಉದ್ದವಾಗಿದೆ. 40ನೆಯ ವರ್ಷಕ್ಕೆಂದು, 2007ರಲ್ಲಿ, ಹೈ ಡೆಫಿನಿಷನ್‌ನಲ್ಲಿ ಪುನರುಜ್ಜೀವನಗೊಂಡ ಪ್ರತಿ ಮೊದಲು ಡಿವಿಡಿಯಾಗಿ ಬಂತು. 2009ರಲ್ಲಿ ಬ್ಲೂ-ರೇ ಬಂತು. 2017ರಲ್ಲಿ 50ನೆಯ ವರ್ಷದ ಪೆಟ್ಟಿಗೆ ಬಂದಾಗ ಅದರ ದೊಡ್ಡ ಆಕರ್ಷಣೆಯಾಗಿದ್ದದ್ದು ಕಂತುಗಳ ಜೊತೆಗಿದ್ದ ಸಾಮಗ್ರಿ: ಧಾರಾವಾಹಿಯ ಸಂಗೀತ, ಪುಸ್ತಕ, ಮತ್ತು ಕ್ರಿಸ್ ರಾಡ್ಲಿ 1983ರಲ್ಲಿ ಮೆಕ್‌ಗೂಹನ್ ಅವರನ್ನು ಸಂದರ್ಶಿಸಿದ ದೃಶ್ಯಗಳನ್ನು ಆಧರಿಸಿ ಮಾಡಿದ ಇನ್ ಮೈ ಮೈಂಡ್ ಎಂಬ ಸಾಕ್ಷ್ಯಚಿತ್ರ. 2009ರ ಬ್ಲೂ-ರೇ ಇದ್ದವರು ಆಗ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಒಂದೇ: ಈ ಸಾಕ್ಷ್ಯಚಿತ್ರ ಮತ್ತು ಸಂಗೀತಕ್ಕೆ ನಾನು ಇಷ್ಟು ಹಣ ಕೊಡಬಲ್ಲೆನೇ? ಮೆಕ್‌ಗೂಹನ್ ಸಂದರ್ಶನಗಳಿಗೆ ಸುಲಭವಾಗಿ ಒಪ್ಪುತ್ತಿದ್ದವರಲ್ಲ. ಆ ದೃಶ್ಯಗಳಿಗಾಗಿ ಹಣ ಕೊಟ್ಟವರನ್ನು ನಾನು ಆಕ್ಷೇಪಿಸಲಾರೆ. ಬ್ರಿಟನ್ನಿನಲ್ಲಿ ಇದನ್ನು ಪ್ರಕಟಿಸಿದ ನೆಟ್‌ವರ್ಕ್ ಸಂಸ್ಥೆ 2023ರಲ್ಲಿ ಮುಚ್ಚಿಹೋಯಿತು. ಸಣ್ಣ ಸಂಸ್ಥೆಗಳ ಸೆಟ್‌ಗಳನ್ನು ಕೊಳ್ಳಲು ಬಹಳ ಕಾಲ ಕಾಯುವುದರಲ್ಲೂ ಅಪಾಯವಿದೆ ಎಂಬುದಕ್ಕೆ ಇದನ್ನು ನೆನಪಿಡಬಹುದು.

ಸ್ಟಾರ್ ಟ್ರೆಕ್‌ನ ಲೆಕ್ಕ ಇನ್ನೂ ಸ್ಪಷ್ಟ. 79 ಕಂತುಗಳ ಮೂಲ ಸರಣಿಯನ್ನು 2006ರಲ್ಲಿ, 40ನೆಯ ವರ್ಷಕ್ಕೆ, ಹೈ ಡೆಫಿನಿಷನ್‌ಗೆ ತಂದು ಕಂಪ್ಯೂಟರ್ ಚಿತ್ರಣದ ಹೊಸ ಬಾಹ್ಯಾಕಾಶ ದೃಶ್ಯಗಳನ್ನು ಸೇರಿಸಿದರು. 2009ರಲ್ಲಿ ಅದು ಬ್ಲೂ-ರೇಯಾಗಿ ಬಂತು. ಹಳೆಯ ದೃಶ್ಯಗಳು ಬೇಕೋ ಹೊಸವು ಬೇಕೋ ಎಂದು ಆರಿಸಿಕೊಳ್ಳುವ ಸೌಲಭ್ಯ ಅದರಲ್ಲಿತ್ತು. 2016ರ 50ನೆಯ ವರ್ಷದಲ್ಲಿ ಸರಣಿ ಮತ್ತು ಚಲನಚಿತ್ರಗಳನ್ನು ಒಟ್ಟುಗೂಡಿಸಿದ ದೊಡ್ಡ ಪೆಟ್ಟಿಗೆ ಬಂದಾಗ ಅದರಲ್ಲಿ ಬ್ಲೂ-ರೇಗೆ ಹೊಸದಾಗಿ ಬಂದಿದ್ದದ್ದು 1973–74ರ 22 ಕಂತುಗಳ ಅನಿಮೇಷನ್ ಸರಣಿ. ಆ ಅನಿಮೇಷನ್ ಸರಣಿಯೂ ಅದೇ ವರ್ಷದ ನವೆಂಬರಿನಲ್ಲಿ ಪ್ರತ್ಯೇಕವಾಗಿ ಮಾರಾಟಕ್ಕೆ ಬಂತು. ಸೆಪ್ಟೆಂಬರಿನಲ್ಲಿ ಪೆಟ್ಟಿಗೆ ಕೊಂಡವರಲ್ಲಿ ಮೂಲ ಸರಣಿಯ ಬ್ಲೂ-ರೇ ಮೊದಲೇ ಇದ್ದವರು ಎರಡು ತಿಂಗಳು ಕಾದಿದ್ದರೆ ಸಾಕಿತ್ತು. ಅದೇ ಡಿಸೆಂಬರಿನಲ್ಲಿ, ಚಿತ್ರೀಕರಣದ ಕಾಲದಲ್ಲಿ ಕತ್ತರಿಸಿಟ್ಟಿದ್ದ ಫಿಲ್ಮ್ ತುಣುಕುಗಳನ್ನು ಹೊರತೆಗೆದ ರಾಡೆನ್‌ಬೆರಿ ವಾಲ್ಟ್ ಎಂಬ ಸೆಟ್ ಬಿಡುಗಡೆಯಾಯಿತು. ಆ ವರ್ಷದ ಉತ್ಸವದಲ್ಲಿ ಅಭಿಮಾನಿಗೆ ನಿಜಕ್ಕೂ ಹೊಸದಾಗಿ ದಕ್ಕಿದ್ದು ಅದು.

ಈ ವಿವರಗಳನ್ನು ಹೇಗೆ ಪತ್ತೆ ಮಾಡಬೇಕು? ಬ್ಲೂ-ರೇ ಡಾಟ್ ಕಾಮ್ ಮತ್ತು ಡಿವಿಡಿಕಂಪೇರ್ ಜಾಲತಾಣಗಳಲ್ಲಿ ದೇಶವಾರು ಆವೃತ್ತಿಗಳ ಹೋಲಿಕೆ ಸಿಗುತ್ತದೆ. ಅಲ್ಲಿ ಚಿತ್ರದ ಕೊಡೆಕ್ (ಚಿತ್ರವನ್ನು ಹಿಂಡಿ ಡಿಸ್ಕಿಗೆ ಇಳಿಸುವ ವಿಧಾನ), ಧ್ವನಿಯ ಬಗೆ, ಡಿಸ್ಕುಗಳ ಸಂಖ್ಯೆ, ಕಂತಿನ ಅವಧಿಗಳನ್ನು ನೋಡಿ. ಹಳೆಯ ಸೆಟ್‌ನಲ್ಲಿ ವಿಸಿ-1 ಕೊಡೆಕ್ ಇದ್ದು ಹೊಸದರಲ್ಲೂ ಅದೇ ಇದ್ದರೆ, ಹಳೆಯ ಡಿಸ್ಕನ್ನೇ ಮತ್ತೆ ಒತ್ತಿದ್ದಾರೆಂದು ಬಹುಮಟ್ಟಿಗೆ ಊಹಿಸಬಹುದು. ಬ್ಲೂ-ರೇಯ ಮೊದಲ ವರ್ಷಗಳಲ್ಲಿ ಸಾಕಷ್ಟು ಬಳಕೆಯಲ್ಲಿದ್ದ ಆ ಕೊಡೆಕ್ ಅನ್ನು ಈಗ ಹೊಸ ಕೆಲಸಕ್ಕೆ ಬಳಸುವುದು ವಿರಳ. ಯಾರಾದರೂ ಸ್ನೇಹಿತರ ಬಳಿ ಎರಡೂ ಸೆಟ್‌ಗಳಿದ್ದರೆ ಡಿಸ್ಕಿನ ಹೊಳೆಯುವ ಬದಿಯಲ್ಲಿ ನಡುವಿನ ರಂಧ್ರದ ಸುತ್ತ ಕೆತ್ತಿರುವ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಹೋಲಿಸಿ. ಎರಡರಲ್ಲೂ ಅದೇ ಸಂಖ್ಯೆ ಇದ್ದರೆ ಇನ್ನಾವ ಸಾಕ್ಷಿಯೂ ಬೇಡ. ಬ್ಲೂ-ರೇ ಡ್ರೈವ್ ಇರುವ ಕಂಪ್ಯೂಟರಿನಲ್ಲಿ ಬಿಡಿಇನ್ಫೊ ಎಂಬ ತಂತ್ರಾಂಶವನ್ನು ಬಳಸಿ ಪ್ರತಿ ಕಂತಿನ ಕಡತದ ಗಾತ್ರವನ್ನೂ ಬಿಟ್‌ರೇಟನ್ನೂ, ಅಂದರೆ ಸೆಕೆಂಡಿಗೆ ಎಷ್ಟು ಮಾಹಿತಿ ಇದೆ ಎಂಬುದನ್ನೂ, ಓದಬಹುದು.

ಪೆಟ್ಟಿಗೆಯ ಹಿಂಬದಿಯ ಬರಹವನ್ನು ಓದುವಾಗ ‘ರೀಮಾಸ್ಟರ್ಡ್’ ಎಂಬ ಒಂದೇ ಮಾತಿಗೆ ಮರುಳಾಗಬೇಡಿ. ಯಾವ ವರ್ಷ, ಮೂಲ ಕ್ಯಾಮೆರಾ ನೆಗೆಟಿವ್‌ನಿಂದಲೋ ನಂತರದ ಪ್ರಿಂಟಿನಿಂದಲೋ, ಸ್ಕ್ಯಾನಿನ ಸೂಕ್ಷ್ಮತೆ 2ಕೆಯೋ ಅದಕ್ಕಿಂತ ಹೆಚ್ಚಿನ 4ಕೆಯೋ ಎಂಬುದನ್ನು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಅದಕ್ಕೆ ತೂಕ ಕೊಡಿ. ಹೊಸ ಸ್ಕ್ಯಾನಿಗೆ ಹಣ ಸುರಿದವರು ಅದನ್ನು ಮುಚ್ಚಿಡುವುದಿಲ್ಲ.

ಮೂರನೆಯ ಹಂತ: ಹೊಸದರಲ್ಲಿ ಕಳೆದುಹೋಗಿದ್ದೇನು ಎಂದೂ ನೋಡಿ

ವಾರ್ಷಿಕೋತ್ಸವದ ಆವೃತ್ತಿಯಲ್ಲಿ ಸೇರಿದ್ದನ್ನು ಪ್ರಕಾಶಕರೇ ಸಾರಿ ಹೇಳುತ್ತಾರೆ. ಬಿಟ್ಟುಹೋದದ್ದನ್ನು ನಾವೇ ಹುಡುಕಬೇಕು.

ಮೊದಲನೆಯದು ಚೌಕಟ್ಟು. ಹಳೆಯ ಧಾರಾವಾಹಿಗಳು 4:3ರ ಅನುಪಾತದಲ್ಲಿವೆ. ಇಂದಿನ ಅಗಲದ ಟಿವಿಯನ್ನು ತುಂಬಿಸಲೆಂದು ಮೇಲೆ ಕೆಳಗೆ ಕತ್ತರಿಸಿ 16:9 ಮಾಡುವ ಪ್ರಯತ್ನಗಳು ನಡೆದಿವೆ. 1973ರ ದಿ ವರ್ಲ್ಡ್ ಅಟ್ ವಾರ್ ಎಂಬ 26 ಕಂತುಗಳ ಸಾಕ್ಷ್ಯಚಿತ್ರ ಸರಣಿಯನ್ನು 2010ರಲ್ಲಿ ಹೀಗೆ ಕತ್ತರಿಸಿ ತಂದಾಗ ತೀವ್ರ ಆಕ್ಷೇಪ ಬಂದಿತ್ತು. ಚಿತ್ರದ ನಾಲ್ಕನೆಯ ಒಂದು ಭಾಗವನ್ನೇ ಕಳೆದುಕೊಂಡ ಆವೃತ್ತಿಯನ್ನು, ಅದು ಎಷ್ಟೇ ಸ್ಫುಟವಾಗಿದ್ದರೂ, ನಾನು ಸಂಗ್ರಹಕ್ಕೆ ಯೋಗ್ಯವೆಂದು ಪರಿಗಣಿಸುವುದಿಲ್ಲ. ಪರದೆಯ ಎರಡೂ ಬದಿ ಕಪ್ಪಾಗಿರುವುದು ದೋಷವಲ್ಲವೆಂದು ಮನೆಯವರಿಗೂ ತಿಳಿಸಿ, ಟಿವಿಯ ಜೂಮ್ ವ್ಯವಸ್ಥೆಯನ್ನು ಆಫ್ ಮಾಡಿಡಿ.

ಎರಡನೆಯದು ಸಂಗೀತ. ಟಿವಿ ಪ್ರಸಾರಕ್ಕೆ ಪಡೆದ ಹಾಡಿನ ಹಕ್ಕು ಡಿಸ್ಕ್ ಮಾರಾಟಕ್ಕೆ ಅನ್ವಯಿಸದಿದ್ದಾಗ ಹಾಡನ್ನೇ ಬದಲಿಸಿಬಿಡುತ್ತಾರೆ. ರೇಡಿಯೊ ನಿಲಯವೊಂದರ ಕತೆಯಾದ ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ 2007ರಲ್ಲಿ ಡಿವಿಡಿಯಾಗಿ ಬಂದಾಗ ಅದರ ಅನೇಕ ಹಾಡುಗಳು ಮಾಯವಾಗಿದ್ದವು. 2014ರಲ್ಲಿ ಬೇರೊಂದು ಸಂಸ್ಥೆ ಬಹುಪಾಲು ಹಾಡುಗಳನ್ನು ಮರಳಿ ಸೇರಿಸಿ ಹೊರತಂದಿತು. ಹಾಡೇ ಉಸಿರಾದ ಧಾರಾವಾಹಿಯಾದರೆ ಚಿತ್ರದ ಗುಣಮಟ್ಟಕ್ಕಿಂತ ಮೊದಲು ಇದನ್ನು ಪರಿಶೀಲಿಸಬೇಕು.

ಹಕ್ಕಿನ ತೊಡಕಿನಿಂದ ಇಡೀ ಕಂತೇ ಬಿಟ್ಟುಹೋಗುವುದೂ ಉಂಟು. 2001ರಲ್ಲಿ ಅಮೆರಿಕದಲ್ಲಿ ಬಂದ ಟ್ವಿನ್ ಪೀಕ್ಸ್ ಡಿವಿಡಿ ಸೆಟ್‌ನಲ್ಲಿ ಕತೆಯ ಬುನಾದಿಯಾದ ಪೈಲಟ್ ಕಂತೇ ಇರಲಿಲ್ಲ. 2007ರ ಗೋಲ್ಡ್ ಬಾಕ್ಸ್‌ನಲ್ಲಿ ಅದು ಸೇರಿತು. 2014ರ ಬ್ಲೂ-ರೇ ಸೆಟ್‌ನಲ್ಲಿ, ಧಾರಾವಾಹಿಯನ್ನು ಆಧರಿಸಿದ ಚಲನಚಿತ್ರದಿಂದ ಕೈಬಿಟ್ಟಿದ್ದ ಸುಮಾರು ಒಂದೂವರೆ ಗಂಟೆಯ ದೃಶ್ಯಗಳು ಮೊದಲ ಬಾರಿಗೆ ಹೊರಬಂದವು. 2019ರಲ್ಲಿ 25,000 ಪ್ರತಿಗಳಿಗೆ ಸೀಮಿತವಾದ ಸೆಟ್‌ನಲ್ಲಿ ಪೈಲಟ್ ಕಂತನ್ನು 4ಕೆಯಲ್ಲಿ ಕೊಟ್ಟರು. ಹೀಗೆ ಪ್ರತಿ ಬಾರಿಯೂ ಒಂದಷ್ಟು ನಿಜವಾದ ಹೊಸತನ ಇದ್ದ ಸಾಲು ಇದು. ಇಂಥಲ್ಲಿ ‘ಮತ್ತೆ ಮತ್ತೆ ಮಾರುತ್ತಿದ್ದಾರೆ’ ಎಂದು ಒಟ್ಟಾರೆ ದೂರುವುದು ನ್ಯಾಯವಾಗದು.

ಅವಧಿಯ ವಿಚಾರದಲ್ಲಿ ಒಂದು ಎಚ್ಚರಿಕೆ. ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಚಿತ್ರಿಸಿದ್ದನ್ನು ಬ್ರಿಟನ್, ಭಾರತ ಮೊದಲಾದ ದೇಶಗಳ ಟಿವಿ ಪದ್ಧತಿಯಾದ ಪಾಲ್‌ನ ಡಿವಿಡಿಗೆ ಇಳಿಸುವಾಗ 25ರ ವೇಗದಲ್ಲಿ ಓಡಿಸುತ್ತಾರೆ. ಆಗ 50 ನಿಮಿಷದ ಕಂತು 48 ನಿಮಿಷಕ್ಕೆ ಮುಗಿಯುತ್ತದೆ, ಸ್ವರವೂ ಸ್ವಲ್ಪ ಏರುತ್ತದೆ. ಆದ್ದರಿಂದ ಎರಡು ನಿಮಿಷ ಕಡಿಮೆ ಕಂಡೊಡನೆ ದೃಶ್ಯ ಕತ್ತರಿಸಿದ್ದಾರೆಂದು ತೀರ್ಮಾನಿಸಬೇಡಿ. ಬ್ಲೂ-ರೇ 24ರ ವೇಗವನ್ನೇ ಉಳಿಸಿಕೊಳ್ಳಬಲ್ಲದು. ಸಂಗೀತ ಬಲ್ಲವರಿಗೆ ಈ ಒಂದು ಕಾರಣಕ್ಕೇ ಹಳೆಯ ಪಾಲ್ ಡಿವಿಡಿ ಬಿಟ್ಟು ಬ್ಲೂ-ರೇಗೆ ಬರುವುದು ಸಮಂಜಸವೆನಿಸುತ್ತದೆ.

ಮಾಲ್ಗುಡಿ ಡೇಸ್‌ಗೂ ಇವೇ ಪ್ರಶ್ನೆಗಳು

ಉಡುಪಿಯಿಂದ ಹೆಬ್ರಿ, ಸೋಮೇಶ್ವರದ ಮಾರ್ಗವಾಗಿ ಘಟ್ಟ ಹತ್ತಿದರೆ ಸಿಗುವ ಆಗುಂಬೆಯನ್ನೇ ಮಾಲ್ಗುಡಿಯಾಗಿಸಿದ ಆ ಧಾರಾವಾಹಿಗೆ ನಮ್ಮಲ್ಲಿ ಇರುವ ಪ್ರೀತಿಯನ್ನು ಯಾರೂ ವಿವರಿಸಬೇಕಾಗಿಲ್ಲ. ಅದು ಹಿಂದೆ ಡಿವಿಡಿಯಾಗಿ ಬಂದಿದೆ. 40ನೆಯ ವರ್ಷದ ನೆಪದಲ್ಲಿ ಹೊಸ ಸೆಟ್ ಏನಾದರೂ ಮಾರಾಟಕ್ಕೆ ಬಂದರೆ ಅಭಿಮಾನದ ಭರದಲ್ಲಿ ಕೊಳ್ಳುವ ಮುನ್ನ ಮೂಲ ಯಾವುದು, ಸ್ಕ್ಯಾನ್ ಯಾವಾಗಿನದು ಎಂದು ಪ್ರಕಾಶಕರನ್ನು ಬರಹದಲ್ಲಿ ಕೇಳಬೇಕು. ಶಂಕರ್ ನಾಗ್ ನಿರ್ದೇಶಿಸಿದ 39 ಕಂತುಗಳು ಮಾತ್ರ ಇವೆಯೋ, 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶಿಸಿದ 15 ಕಂತುಗಳೂ ಸೇರಿವೆಯೋ ನೋಡಬೇಕು. ಹಿಂದಿಯ ಜೊತೆಗೆ ಇಂಗ್ಲಿಷ್ ಆವೃತ್ತಿಯೂ ಇದೆಯೇ, ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತ ಮತ್ತು ಆರ್. ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ಪ್ರತಿ ಕಂತಿನಲ್ಲೂ ಪೂರ್ತಿಯಾಗಿ ಉಳಿದಿವೆಯೇ ಎಂಬುದೂ ಮುಖ್ಯ. ಕೊಳ್ಳುವವರು ಇಂಥ ಪ್ರಶ್ನೆ ಕೇಳುತ್ತಾರೆಂದು ಗೊತ್ತಾದರೆ ಮಾತ್ರ ನಮ್ಮ ದೇಶದ ಪ್ರಕಾಶಕರೂ ಹಳೆಯ ಧಾರಾವಾಹಿಗಳ ಮೂಲ ಪ್ರತಿಗಳನ್ನು ಜೋಪಾನ ಮಾಡಲು ಹಣ ತೆಗೆದಿಡುತ್ತಾರೆ.

ನಾಲ್ಕನೆಯ ಹಂತ: ನಿಮ್ಮ ಪ್ಲೇಯರಿಗೆ ಅದು ಒಗ್ಗುತ್ತದೆಯೇ

ಡಿಸ್ಕ್ ತಯಾರಕರು ಜಗತ್ತನ್ನು ವಲಯಗಳಾಗಿ ವಿಂಗಡಿಸಿ, ಒಂದು ವಲಯದ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡದಂತೆ ಬಂಧಿಸುವುದುಂಟು. ಡಿವಿಡಿಯಲ್ಲಿ ಭಾರತ 5ನೆಯ ವಲಯ, ಅಮೆರಿಕ 1, ಬ್ರಿಟನ್ 2. ಬ್ಲೂ-ರೇಯಲ್ಲಿ ಭಾರತ ಸಿ, ಅಮೆರಿಕ ಎ, ಬ್ರಿಟನ್ ಬಿ. ಇಲ್ಲಿ ಕೊಂಡ ಪ್ಲೇಯರಿನಲ್ಲಿ ವಲಯಬಂಧನವಿರುವ ವಿದೇಶಿ ಡಿಸ್ಕ್ ಓಡುವುದಿಲ್ಲ. ಆದರೆ ಬಹಳಷ್ಟು ಬ್ಲೂ-ರೇ ಡಿಸ್ಕುಗಳಿಗೆ ವಲಯಬಂಧನವೇ ಇರುವುದಿಲ್ಲವಾದ್ದರಿಂದ, ಹೋಲಿಕೆಯ ಜಾಲತಾಣದಲ್ಲಿ ಆ ನಿರ್ದಿಷ್ಟ ಸೆಟ್‌ನ ಮುಂದೆ ‘ಎ, ಬಿ, ಸಿ’ ಮೂರೂ ಇವೆಯೇ ಎಂದು ನೋಡಿಕೊಂಡರೆ ನಿಶ್ಚಿಂತೆ. 4ಕೆ ಡಿಸ್ಕುಗಳಿಗೆ ವಲಯದ ಕಟ್ಟು ಇಲ್ಲ. ಆದರೆ ಅದೇ ಪೆಟ್ಟಿಗೆಯಲ್ಲಿ ಜೊತೆಗೆ ಬರುವ ಸಾಮಾನ್ಯ ಬ್ಲೂ-ರೇ ಡಿಸ್ಕಿಗೆ ಬಂಧನ ಇರಬಹುದು, ಹೆಚ್ಚುವರಿ ಸಾಮಗ್ರಿಯೆಲ್ಲ ಇರುವುದು ಬಹುತೇಕ ಅದರಲ್ಲೇ.

ನಮ್ಮ ಜಿಲ್ಲೆಗಳಲ್ಲಿ ಕೊಲ್ಲಿ ದೇಶಗಳಲ್ಲಿ ದುಡಿಯುವ ಒಬ್ಬರಾದರೂ ಇಲ್ಲದ ಕುಟುಂಬಗಳು ಕಡಿಮೆ. ಇದು ಸಂಗ್ರಾಹಕರಿಗೆ ದೊಡ್ಡ ಅನುಕೂಲ. ಮಧ್ಯಪ್ರಾಚ್ಯವು ಡಿವಿಡಿಯಲ್ಲಿ 2ನೆಯ ವಲಯಕ್ಕೂ ಬ್ಲೂ-ರೇಯಲ್ಲಿ ಬಿ ವಲಯಕ್ಕೂ ಸೇರುವುದರಿಂದ, ದುಬೈಯಲ್ಲಿ ಅಲ್ಲಿನ ಮಾರುಕಟ್ಟೆಗೆಂದೇ ತಯಾರಾದ ಪ್ಲೇಯರ್ ಕೊಂಡು ತಂದರೆ ಬ್ರಿಟನ್ನಿನ ಸೆಟ್‌ಗಳೆಲ್ಲ ಅದರಲ್ಲಿ ಓಡುತ್ತವೆ. ಅಲ್ಲಿನ ವಿದ್ಯುತ್ತೂ 220–240 ವೋಲ್ಟಿನದಾದ್ದರಿಂದ ಪ್ಲಗ್ ಬದಲಿಸಿದರೆ ಸಾಕು. ಅಮೆರಿಕದಿಂದ ತಂದ ಪ್ಲೇಯರ್ ಹಾಗಲ್ಲ; ಅದರ ಹಿಂಬದಿಯಲ್ಲಿ 120 ವೋಲ್ಟ್ ಎಂದಷ್ಟೇ ಬರೆದಿದ್ದರೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಸ್ವಿಚ್ ಹಾಕಲೇಬಾರದು. ಇದಲ್ಲದೆ ಬ್ರಿಟಿಷ್ ಡಿಸ್ಕಿನ ಕೆಲವು ಹಳೆಯ ಸಂದರ್ಶನಗಳು 50 ಹರ್ಟ್ಸ್‌ನಲ್ಲಿ, ಅಂದರೆ ಪರದೆಯ ಚಿತ್ರ ಸೆಕೆಂಡಿಗೆ 50 ಬಾರಿ ಬದಲಾಗುವ ವೇಗದಲ್ಲಿ, ಇರುತ್ತವೆ, ಅವು ಅಮೆರಿಕದ ಅನೇಕ ಪ್ಲೇಯರುಗಳಲ್ಲಿ ಕಾಣುವುದಿಲ್ಲ. ನಮ್ಮಲ್ಲಿ ಮಾರುವ ಟಿವಿಗಳು 50 ಮತ್ತು 60 ಎರಡನ್ನೂ ಸ್ವೀಕರಿಸುತ್ತವೆ.

ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ವಲಯವನ್ನು ಐದು ಬಾರಿ ಮಾತ್ರ ಬದಲಿಸಬಹುದು. ಐದನೆಯ ಬಾರಿ ಯಾವುದನ್ನು ಆರಿಸಿದ್ದೀರೋ ಅದೇ ಶಾಶ್ವತವಾಗಿ ಉಳಿಯುತ್ತದೆ. ಬೇರೆ ವಲಯದ ಡಿಸ್ಕನ್ನು ಕುತೂಹಲಕ್ಕೆ ಹಾಕಿ, ಪರದೆ ಕೇಳಿದ ಪ್ರಶ್ನೆಗೆಲ್ಲ ‘ಸರಿ’ ಒತ್ತುತ್ತಾ ಹೋಗಬೇಡಿ.

ಐದನೆಯ ಹಂತ: ಬೆಲೆಯ ಲೆಕ್ಕ ಮತ್ತು ತರಿಸುವ ದಾರಿ

ಎರಡನೆಯ ಹಂತದಲ್ಲಿ ಬರೆದ ಹಾಳೆಯನ್ನು ಮತ್ತೆ ತೆಗೆಯಿರಿ. ಹೊಸ ಸೆಟ್‌ನಲ್ಲಿ ನಿಮ್ಮ ಬಳಿ ಈಗಾಗಲೇ ಇರುವುದನ್ನೆಲ್ಲ ಹೊಡೆದುಹಾಕಿ, ಉಳಿದದ್ದಕ್ಕೆ ಮಾತ್ರ ಬೆಲೆ ಕಟ್ಟಿ. 12,000 ರೂಪಾಯಿಯ ಸೆಟ್‌ನಲ್ಲಿ ನಿಮಗೆ ಹೊಸದಾಗಿ ಸಿಗುವುದು ಎರಡು ಗಂಟೆಯ ಸಾಕ್ಷ್ಯಚಿತ್ರ ಮಾತ್ರ ಎಂದುಕೊಳ್ಳೋಣ. ಆಗ ಗಂಟೆಗೆ 6,000 ರೂಪಾಯಿ ಕೊಟ್ಟಂತಾಯಿತು. ಪೋಸ್ಟ್‌ಕಾರ್ಡು, ಬ್ಯಾಡ್ಜು, ಭೂಪಟಗಳಿಗೆ ನಾನು ಬೆಲೆ ಕಟ್ಟುವುದಿಲ್ಲ. ಚಿತ್ರೀಕರಣದ ದಾಖಲೆಗಳನ್ನು ಆಧರಿಸಿ ಬರೆದ ಒಳ್ಳೆಯ ಪುಸ್ತಕಕ್ಕೆ ಖಂಡಿತ ಕಟ್ಟುತ್ತೇನೆ. ಅದು ಸ್ಟ್ರೀಮಿಂಗ್‌ನಲ್ಲಿ ಯಾವತ್ತೂ ಸಿಗುವುದಿಲ್ಲ.

ಕಾಯಬೇಕೋ ಬೇಡವೋ ಎಂಬುದು ಪ್ರಕಾಶಕರ ಅಭ್ಯಾಸದ ಮೇಲೆ ನಿಂತಿದೆ. 2018ರಿಂದ ಬರುತ್ತಿರುವ ಡಾಕ್ಟರ್ ಹೂ ಬ್ಲೂ-ರೇ ಸೆಟ್‌ಗಳು ಮೊದಲು ಸೀಮಿತ ಪ್ರತಿಗಳ ಅಂದದ ಪೆಟ್ಟಿಗೆಯಲ್ಲಿ ಬಂದು, ಬಳಿಕ ಅವೇ ಡಿಸ್ಕುಗಳು ಸಾಮಾನ್ಯ ಹೊದಿಕೆಯಲ್ಲಿ ಕಡಿಮೆ ಬೆಲೆಗೆ ಬರುತ್ತವೆ. ಅಂಥ ಪ್ರಕಾಶಕರ ಸೀಮಿತ ಪೆಟ್ಟಿಗೆಯನ್ನು ಹಳೆಯ ಮಾಲಿನ ಮಾರಾಟಗಾರರಿಂದ ಎರಡು ಮೂರು ಪಟ್ಟು ಕೊಟ್ಟು ಕೊಳ್ಳುವ ಅಗತ್ಯವೇ ಇಲ್ಲ.

ವಿದೇಶದ ಅಂಗಡಿಯಿಂದ ನೇರವಾಗಿ ತರಿಸಿದರೆ ಸುಂಕವನ್ನು ವಸ್ತುವಿನ ಬೆಲೆಯ ಜೊತೆಗೆ ಸಾಗಣೆ ಮತ್ತು ವಿಮೆಯ ವೆಚ್ಚವನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಭಾರದ ಪೆಟ್ಟಿಗೆಗೆ ಸಾಗಣೆಯೇ ದುಬಾರಿಯಾಗುವುದರಿಂದ ಈ ಅಂಶವನ್ನು ಮರೆಯಬಾರದು. ದರಗಳು ಬಜೆಟ್ಟಿನೊಂದಿಗೆ ಬದಲಾಗುತ್ತವೆ. ಆರ್ಡರ್ ಮಾಡುವ ದಿನವೇ ಕೇಂದ್ರ ಸುಂಕ ಮಂಡಳಿಯ ಜಾಲತಾಣದಲ್ಲಿ ವೈಯಕ್ತಿಕ ಬಳಕೆಯ ಆಮದಿನ ದರವನ್ನು ನೋಡಿಕೊಳ್ಳಿ. ಕೊರಿಯರ್ ಮೂಲಕವಾದರೆ ಕೆವೈಸಿ ದಾಖಲೆ ಕೇಳುತ್ತಾರೆ, ಅದಕ್ಕೆ ಉತ್ತರಿಸಲು ತಡಮಾಡಿದರೆ ಪಾರ್ಸೆಲ್ ಅಲ್ಲೇ ನಿಲ್ಲುತ್ತದೆ. ರಜೆಗೆ ಬರುವ ಬಂಧುಗಳ ಬಳಿ ಹೇಳಿ ತರಿಸುವುದಾದರೆ ಬಿಲ್ಲನ್ನು ಪೆಟ್ಟಿಗೆಯ ಜೊತೆಗೇ ಇರಿಸಲು ಹೇಳಿ, ಮತ್ತು ಕೈಚೀಲದಲ್ಲಿ ತರಲು ಕೇಳಿಕೊಳ್ಳಿ. ವಿಮಾನದ ಹೊಟ್ಟೆಯಲ್ಲಿ ಬಂದ ರಟ್ಟಿನ ಪೆಟ್ಟಿಗೆಯ ಮೂಲೆಗಳು ನೆಟ್ಟಗೆ ಉಳಿಯುವುದು ಕಷ್ಟ.

ಆರನೆಯ ಹಂತ: ಕೈಗೆ ಬಂದ ದಿನವೇ ಪರೀಕ್ಷಿಸಿ

ಪೆಟ್ಟಿಗೆ ಒಡೆಯುವುದನ್ನು ಮೊಬೈಲಿನಲ್ಲಿ ಚಿತ್ರಿಸಿ. ಮರಳಿಸಬೇಕಾಗಿ ಬಂದರೆ ಅದೇ ಆಧಾರ. ಹತ್ತಾರು ಡಿಸ್ಕುಗಳ ಸೆಟ್‌ಗಳಲ್ಲಿ ಡಿಸ್ಕನ್ನು ಹಿಡಿದಿಡುವ ನಡುವಿನ ಪ್ಲಾಸ್ಟಿಕ್ ಹಲ್ಲುಗಳು ಮುರಿದು, ಡಿಸ್ಕ್ ಒಳಗೇ ಅಲುಗಾಡಿ ಗೀರು ಬಿದ್ದಿರುತ್ತದೆ. ಪ್ರತಿಯೊಂದನ್ನೂ ಹೊರತೆಗೆದು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಿ. ರಂಧ್ರದ ಸುತ್ತ ಕೂದಲೆಳೆಯ ಬಿರುಕಿದ್ದರೆ ಆ ಡಿಸ್ಕನ್ನು ಪ್ಲೇಯರಿಗೆ ಹಾಕದೆ ಮರಳಿಸಿ.

ಡಿವಿಡಿ ಎಂಬುದು 0.6 ಮಿ.ಮೀ. ದಪ್ಪದ ಎರಡು ಹಾಳೆಗಳನ್ನು ಅಂಟಿಸಿ ಮಾಡಿದ ಡಿಸ್ಕ್. ಆ ಅಂಟು ಕೆಟ್ಟರೆ ಒಳಗಿನ ಲೋಹದ ಪದರ ಮಂಕಾಗಿ ಡಿಸ್ಕ್ ಓದದಂತಾಗುತ್ತದೆ. ವಾರ್ನರ್ ಸಂಸ್ಥೆಯ 2006ರಿಂದ 2008ರ ಸುಮಾರಿನ ಕೆಲವು ಡಿವಿಡಿಗಳು ಹೀಗೆ ಹಾಳಾಗಿರುವುದನ್ನು ಸಂಸ್ಥೆಯೇ 2025ರಲ್ಲಿ ಒಪ್ಪಿಕೊಂಡಿದೆ. ಆ ಕಾಲದ ಸೆಟ್‌ಗಳನ್ನು ಹಳೆಯ ಮಾಲಾಗಿ ಕೊಳ್ಳುವವರು, ಪ್ರತಿ ಡಿಸ್ಕಿನ ಕೊನೆಯ ಕಂತಿನವರೆಗೂ ಓಡಿಸಿ ನೋಡಿದ ಮೇಲೆಯೇ ವ್ಯವಹಾರ ಮುಗಿಸಬೇಕು. ಬ್ಲೂ-ರೇಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ ಕೇವಲ 0.1 ಮಿ.ಮೀ. ಆಳದಲ್ಲಿದೆ, ಅದರ ಮೇಲೆ ಗಟ್ಟಿ ಲೇಪನ ಇರುವುದರಿಂದ ಸಣ್ಣ ಗೀರು ಬೀಳುವುದಿಲ್ಲ, ಆದರೆ ಆಳವಾದ ಗೀರು ಬಿದ್ದರೆ ತಿಕ್ಕಿ ಸರಿಪಡಿಸುವ ಉಪಾಯ ಕೆಲಸಕ್ಕೆ ಬರುವುದಿಲ್ಲ.

ಏಳನೆಯ ಹಂತ: ಮಳೆಗಾಲದಿಂದ ಕಾಪಾಡುವುದು

ಡಿಸ್ಕುಗಳನ್ನು 20ರಿಂದ 50 ಶೇಕಡಾ ಸಾಪೇಕ್ಷ ಆರ್ದ್ರತೆಯಲ್ಲಿ ಇಡಬೇಕೆಂಬುದು ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆಯ ಸಲಹೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮಂಗಳೂರಿನಲ್ಲಿ ಆರ್ದ್ರತೆ 90ರ ಆಚೀಚೆ ಇರುತ್ತದೆ. ಅಂದರೆ ಬೇರೆ ಊರಿನವರಿಗೆ ಬರೆದ ಸಂರಕ್ಷಣೆಯ ಸಲಹೆಗಳು ನಮಗೆ ಸಾಲವು.

ಡಿಸ್ಕಿಗಿಂತ ಮೊದಲು ಕೆಡುವುದು ಪೆಟ್ಟಿಗೆ. ವಾರ್ಷಿಕೋತ್ಸವದ ಸೆಟ್‌ಗಳಲ್ಲಿ ರಟ್ಟು, ಬಟ್ಟೆಯ ಹೊದಿಕೆ, ಸ್ಪಂಜಿನ ಹಾಸು ಹೆಚ್ಚು. ಇವೆಲ್ಲ ತೇವ ಹೀರಿ ಬೂಷ್ಟು ಹಿಡಿಯುತ್ತವೆ. ಮಳೆಗಾಳಿ ಹೊಡೆಯುವ ಪಶ್ಚಿಮದ ಗೋಡೆಗೆ ತಾಗಿಸಿ ಕಪಾಟು ಇಡಬಾರದು. ಗೋಡೆಗೂ ಕಪಾಟಿಗೂ ನಡುವೆ ನಾಲ್ಕು ಬೆರಳಿನಷ್ಟಾದರೂ ಸಂದು ಬಿಡಿ, ಕೆಳಗಿನ ಅರೆಯನ್ನು ಗೆದ್ದಲಿನ ಭಯಕ್ಕಾಗಿ ಖಾಲಿ ಬಿಡಿ. ಮೇ ತಿಂಗಳ ಕೊನೆಯಲ್ಲಿ, ಮಳೆ ಶುರುವಾಗುವ ಮೊದಲೇ, ಬೆಲೆಬಾಳುವ ಸೆಟ್‌ಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗಳಿಗೆ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಸೇರಿಸಿ ಮುಚ್ಚುವುದು ನಾನು ಕಂಡ ಅತ್ಯುತ್ತಮ ಕ್ರಮ. ಮಳೆ ಹಿಡಿದ ಮೇಲೆ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದಂತಾಗುತ್ತದೆ. ಬಣ್ಣ ಬದಲಿಸುವ ಜೆಲ್ ಕೊಂಡರೆ ಅದು ತೇವ ತುಂಬಿಕೊಂಡದ್ದು ಕಣ್ಣಿಗೇ ಕಾಣುತ್ತದೆ; ಆಗ ಅದನ್ನು ಓವನ್ನಿನಲ್ಲಿ 110–120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಕಾಯಿಸಿ ಮತ್ತೆ ಬಳಸಬಹುದು. ಡಬ್ಬಿಯೊಳಗೆ ಒಂದು ಚಿಕ್ಕ ಆರ್ದ್ರತಾ ಮಾಪಕ ಇಟ್ಟರೆ ಊಹೆಯ ಕೆಲಸವಿರುವುದಿಲ್ಲ.

ರಟ್ಟಿನ ಸೀಳಿನೊಳಗೆ ಡಿಸ್ಕ್ ತುರುಕಿಡುವ ಸೆಟ್‌ಗಳಾದರೆ, ಡಿಸ್ಕುಗಳನ್ನು ಹೊರತೆಗೆದು ಸಾಮಾನ್ಯ ಪ್ಲಾಸ್ಟಿಕ್ ಕೇಸುಗಳಿಗೆ ವರ್ಗಾಯಿಸಿ. ಪ್ರತಿ ಬಾರಿ ಎಳೆಯುವಾಗಲೂ ರಟ್ಟಿನ ಅಂಚು ಡಿಸ್ಕನ್ನು ಉಜ್ಜುತ್ತದೆ. ಪೆಟ್ಟಿಗೆಯನ್ನು ಖಾಲಿಯಾಗಿಯೇ ಜೋಪಾನ ಮಾಡಿದರೆ ಅದರ ಅಂದಕ್ಕೇನೂ ಕುಂದಿಲ್ಲ. ಮೆತ್ತನೆಯ ಪಿವಿಸಿ ಲಕೋಟೆಗಳು ಬೇಡ, ಅವು ಕಾಲಕ್ರಮದಲ್ಲಿ ಡಿಸ್ಕಿನ ಮೇಲೆ ಮಂಜಿನಂಥ ಪೊರೆ ಬಿಡುತ್ತವೆ. ಪುಸ್ತಕದ ಕಪಾಟಿಗೆ ಹಾಕುವ ನ್ಯಾಫ್ತಲೀನ್ ಗುಳಿಗೆಗಳನ್ನೂ ಡಿಸ್ಕುಗಳ ಬಳಿ ಇಡಬೇಡಿ. ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ ಕೇಸುಗಳನ್ನು ಮೆತ್ತಗಾಗಿಸುತ್ತದೆ. ಬೆಳ್ಳಿಹುಳಗಳಿಂದ ಪುಸ್ತಿಕೆಯನ್ನು ಕಾಪಾಡಲು ಒಣಗಿದ ಮುಚ್ಚಿದ ಡಬ್ಬಿಯೇ ಸಾಕು.

ಡಿಸ್ಕಿನ ಮೇಲೆಯೇ ಬೂಷ್ಟಿನ ಚುಕ್ಕಿ ಕಂಡರೆ ಗಾಬರಿಯಾಗಬೇಕಿಲ್ಲ. ತಣ್ಣೀರಿಗೆ ಒಂದು ಹನಿ ಸೌಮ್ಯವಾದ ಸೋಪಿನ ದ್ರವ ಬೆರೆಸಿ, ಮೃದುವಾದ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ; ವೃತ್ತಾಕಾರವಾಗಿ ತಿಕ್ಕಿದರೆ ಗೀರು ಮಾಹಿತಿಯ ಸಾಲಿನ ಉದ್ದಕ್ಕೂ ಬಿದ್ದು ಪ್ಲೇಯರಿಗೆ ಅದನ್ನು ಸರಿದೂಗಿಸಲಾಗುವುದಿಲ್ಲ. ಶುದ್ಧ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಆರಿದ ಮೇಲೆಯೇ ಒಳಗಿಡಿ. ನವರಾತ್ರಿಯ ಹೊತ್ತಿಗೆ ಮಳೆ ಹಿಂದೆಗೆದಾಗ ಎಲ್ಲ ಡಬ್ಬಿಗಳನ್ನೂ ತೆರೆದು, ಪ್ರತಿ ಸೆಟ್‌ನಿಂದ ಒಂದು ಡಿಸ್ಕನ್ನಾದರೂ ಓಡಿಸಿ ನೋಡಿ. ಪೆಟ್ಟಿಗೆಯೊಳಗೆ ಒಂದು ಚೀಟಿ ಇಟ್ಟು ಅದರಲ್ಲಿ ಕೊಂಡ ತಿಂಗಳು, ವಲಯ, ಮಾಸ್ಟರಿನ ವರ್ಷ, ಪ್ರತಿ ಡಿಸ್ಕಿನ ಮ್ಯಾಟ್ರಿಕ್ಸ್ ಸಂಖ್ಯೆ ಮತ್ತು ಕೊನೆಯ ಬಾರಿ ಪರೀಕ್ಷಿಸಿದ ದಿನಾಂಕವನ್ನು ಬರೆದಿಡಿ. ಮುಂದಿನ ವಾರ್ಷಿಕೋತ್ಸವದ ಸೆಟ್ ಪ್ರಕಟವಾದಾಗ ಹೋಲಿಸಿ ನೋಡಲು ಬೇಕಾದ ವಿವರಗಳೆಲ್ಲ ಅದರಲ್ಲೇ ಸಿಗುತ್ತವೆ.